ಉಜ್ವಲಾಳ ಹೆಸರಿನ ಗುಳಿಗೆ

ಸೊಲ್ಲಾಪುರ
೧೧ ಜೂನ್ ೨೦೨೪

ಗುರವ್ವಾ,

ಅಕ್ಕನ ಆಶೀರ್ವಾದ. ದಿನ ಬಿಟ್ಟು ದಿನ ಫೋನ್ ಮಾಡುವವಳು ಕಾಗದ ಯಾಕೆ ಬರೆದಳೆಂದು ಗಾಬರಿಯಾಗಬೇಡ. ಈ ಮನೆಯಲ್ಲಿ ಫೋನಿನಲ್ಲಿ ಆಡಿದ ಮಾತು ಗೋಡೆಯಾಚೆಗೂ ಕೇಳುತ್ತದೆ. ಕನ್ನಡ ಅಕ್ಷರ ಬಲ್ಲವಳು ಮಾತ್ರ ನಾನೊಬ್ಬಳೇ. ನಿನ್ನ ಯಜಮಾನರು ವಾರದ ರಜೆಗೆ ತಡವಳಕ್ಕೆ ಬರುವಾಗ ಅವರ ಕೈಯಲ್ಲೇ ಇದನ್ನು ಕೊಡುತ್ತೇನೆ. ಓದಿ ಒಲೆಗೆ ಹಾಕು.

ನನ್ನ ಮಗಳು ಪ್ರಣಿತಾಳಿಗೆ ಎರಡು ತಿಂಗಳಿಂದ ಕೆಮ್ಮು. ಸಂಜೆಯಾದರೆ ಮೈ ಬಿಸಿಯಾಗುತ್ತದೆ. ಮದುವೆ ಗೊತ್ತಾದ ಹುಡುಗಿ ತೆಳ್ಳಗಾಗಬೇಕೆಂದು ಊಟ ಬಿಟ್ಟಿದ್ದಾಳೆ ಎಂದು ನಾನು ಬೈಯುತ್ತಿದ್ದೆ. ಮೊನ್ನೆ ಡಾಕ್ಟರು ಎದೆಯ ಫೋಟೋ ತೆಗೆಸಿ, ಕಫ ತಪಾಸಣೆ ಮಾಡಿಸಿ, ಟಿ.ಬಿ. ಎಂದರು. ನಮ್ಮ ಮನೆಯಲ್ಲಿ ಕುಡಿಯುವ ನೀರು ಮಷಿನಿನಿಂದ ಬರುತ್ತದೆ, ಹಾಲು ತುಪ್ಪಕ್ಕೆ ಕೊರತೆಯಿಲ್ಲ, ನೆಲ ದಿನಕ್ಕೆರಡು ಸಲ ಒರೆಸುತ್ತಾರೆ. ಇದು ಎಲ್ಲಿಂದ ಬಂತೆಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ.

ಆರು ತಿಂಗಳು ಗುಳಿಗೆ ನುಂಗಿದರೆ ಪೂರ್ತಿ ವಾಸಿಯಾಗುತ್ತದಂತೆ. ತೊಂದರೆ ಅದಲ್ಲ. ಈ ರೋಗದವರ ಹೆಸರನ್ನು ಡಾಕ್ಟರು ಸರ್ಕಾರಕ್ಕೆ ಕೊಡಲೇಬೇಕಂತೆ. ಆಮೇಲೆ ಅವರ ಮಂದಿ ಮನೆಗೆ ಬರುತ್ತಾರೆ, ವಿಚಾರಿಸುತ್ತಾರೆ, ಎಲ್ಲರನ್ನೂ ತಪಾಸಣೆ ಮಾಡುತ್ತಾರೆ. ಅಂಥವರು ನಮ್ಮ ಬಂಗಲೆಯ ಗೇಟಿನ ಮುಂದೆ ನಿಂತರೆ ಸಂಜೆಯೊಳಗೆ ಲಾತೂರಿನ ಬೀಗರಿಗೆ ಸುದ್ದಿ ಮುಟ್ಟುತ್ತದೆ. ಯೋಗಿರಾಜನಂಥ ಹುಡುಗ ಮತ್ತೆ ಸಿಗುವುದಿಲ್ಲ. ತುಳಸಿ ಲಗ್ನ ಮುಗಿದ ಮೇಲಿನ ಮುಹೂರ್ತ ಹಿಡಿದಿದ್ದೇವೆ.

ಡಾಕ್ಟರು ನಮ್ಮವರ ಗುರುತಿನವರು. ಬೇರೆ ಹೆಸರು ಕೊಟ್ಟರೆ ಬರೆದುಕೊಳ್ಳುತ್ತಾರೆ. ನಿನ್ನ ಉಜ್ವಲಾ, ನನ್ನ ಪ್ರಣಿತಾ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಉಜ್ವಲಾಳ ಆಧಾರ್ ಕಾರ್ಡ್ ಕಳಿಸು. ಹೆಸರೊಂದು ಅವಳದು; ರೋಗ, ಗುಳಿಗೆ, ಸೂಜಿ ಎಲ್ಲ ಇವಳದೇ. ಜೊತೆಗೆ ಒಂದು ತಿಂಗಳ ಮಟ್ಟಿಗೆ ಉಜ್ವಲಾಳನ್ನೂ ಕಳಿಸು. ಪ್ರಣಿತಾ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಕೆಲಸದವರನ್ನು ಹತ್ತಿರ ಬಿಟ್ಟರೆ ಊರಿಗೆಲ್ಲ ಸಾರುತ್ತಾರೆ.

ನಮ್ಮವರು ನಿನ್ನ ಯಜಮಾನರನ್ನು ನಮ್ಮ ಮಗ್ಗದ ಶೆಡ್ಡಿನಲ್ಲಿ ಎಲ್ಲ ಕೆಲಸಗಾರರ ಮೇಲಿನ ಮುಕಾದಮ ಮಾಡಬೇಕೆಂದಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಹಚ್ಚಬೇಡ.

ನಿನ್ನ ಅಕ್ಕ,
ಶಾರದಾ


ತಡವಳ
೧೭ ಜೂನ್ ೨೦೨೪

ಅಕ್ಕಾ,

ಶರಣು. ಸಂಬಂಧ ಹಚ್ಚಬೇಡ ಎಂದು ಬರೆದಿದ್ದಿ. ಸಂಬಂಧ ಇರದಿದ್ದರೆ ಆ ಮಾತನ್ನು ಬರೆಯುವ ಕೆಲಸವೇ ಇರಲಿಲ್ಲ. ನೀನು ಮೊದಲಿಂದಲೂ ಹೀಗೆ, ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಿಟ್ಟು "ನಾ ಏನೂ ಮುಟ್ಟಿಲ್ಲ" ಅನ್ನುವವಳು.

ಸಿಟ್ಟಿಗಿಂತ ಮೊದಲು ಅಳು ಬಂತು. ಪ್ರಣಿತಾಳನ್ನು ನಾನೂ ಎತ್ತಿ ಆಡಿಸಿದ್ದೇನೆ. ಆದರೂ ಬೇಡ ಎಂದೇ ನಮ್ಮ ಮನೆಯವರಿಗೆ ಹೇಳಿದೆ. ಅವರು, "ಕೊಡೂನು ತಗೋ. ಹೆಸರೇನ ಸವೀತೈತೇನ?" ಅಂದರು. ಉಜ್ವಲಾ ನಾವು ಕೇಳುವ ಮೊದಲೇ ಬಟ್ಟೆ ಚೀಲದಲ್ಲಿ ತುಂಬಿಕೊಂಡು ನಿಂತಿದ್ದಾಳೆ. "ಪ್ರಣಿತಕ್ಕ ಒಬ್ಬಾಕಿನ ಕುಂತು ಅಳತಿರಬೇಕವ್ವಾ" ಅನ್ನುತ್ತಾಳೆ. ಅವಳ ಕಾಲೇಜು ತಿಂಗಳ ಮೇಲೆ ಶುರು, ಅಷ್ಟರಲ್ಲಿ ಕಳಿಸಿಬಿಡು.

ರೋಗ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡಿದ್ದಿ. ನಮ್ಮ ಮನೆಯವರನ್ನು ಕೇಳಿದ್ದರೆ ಹೇಳುತ್ತಿದ್ದರು. ಎಂಐಡಿಸಿ ಕಾರ್ಖಾನೆ ಪ್ರದೇಶದ ನಿಮ್ಮ ಶೆಡ್ಡಿನಲ್ಲಿ ಮಗ್ಗ ನಡೆಸುವ ರೇವಣ್ಣ ಹೋದ ವರ್ಷದಿಂದ ಕೆಮ್ಮುತ್ತಿದ್ದಾನೆ. ಗಾಳಿಗೆ ನೂಲು ಹರಿಯುತ್ತದೆಂದು ಅಲ್ಲಿ ಕಿಟಕಿ ತೆಗೆಯುವುದಿಲ್ಲ. ಮಗ್ಗ ನಿಂತರೆ ಅವನ ಪಗಾರವೂ ನಿಲ್ಲುತ್ತದೆ, ಹಾಗಾಗಿ ಅವನು ದವಾಖಾನೆಗೆ ಹೋಗಲಿಲ್ಲ. ಮಾಲೀಕರ ಮಗಳು ಇಂಟರ್ನೆಟ್ಟಿನಲ್ಲಿ ಟಾವೆಲ್ ಮಾರುತ್ತೇನೆಂದು ಚಳಿಗಾಲವೆಲ್ಲ ಅಲ್ಲೇ ಕೂತು ಫೋಟೋ ತೆಗೆದಳಲ್ಲ? ನೀರಿಗೆ ಮಷಿನ್ ಹಾಕಿದ್ದೀರಿ. ಗಾಳಿ ಮಾತ್ರ ರೇವಣ್ಣನದೂ ಅವಳದೂ ಒಂದೇ ಆಗಿತ್ತು.

ಕಾರ್ಡು ಕಳಿಸಿದ್ದೇನೆ. ಪ್ರಣಿತಾ ಒಂದು ದಿನವೂ ತಪ್ಪದೆ ಗುಳಿಗೆ ನುಂಗಬೇಕು. ಮದುವೆಯಾದ ಮೇಲೆ ನನ್ನ ಮಗಳ ಹೆಸರು ಅಲ್ಲಿಂದ ತೆಗೆಸಬೇಕು. ಇವೆರಡು ಮಾತು ನಡೆಸಿಕೊಡು.

ಗುರುಬಾಯಿ


ಸೊಲ್ಲಾಪುರ
೨೧ ಜುಲೈ ೨೦೨೪

ಗುರವ್ವಾ,

ನಿನ್ನ ಮಗಳು ಬಂದ ಮೇಲೆ ಮನೆಯಲ್ಲಿ ನಗು ಕೇಳುತ್ತಿದೆ. ಪ್ರಣಿತಾಳ ಕೆಮ್ಮು ಅರ್ಧಕ್ಕರ್ಧ ಇಳಿದಿದೆ. ಊಟ ಸೇರುತ್ತದೆ. ಡಾಕ್ಟರು ಮಾಸ್ಕ್ ಹಾಕಿಕೊಳ್ಳಿ ಎಂದಿದ್ದರು, ಹುಡುಗಿಯರು ಎಲ್ಲಿ ಕೇಳುತ್ತಾರೆ. ಕಿಟಕಿ ಮುಚ್ಚಿ, ಎ.ಸಿ. ಹಚ್ಚಿ, ಒಂದೇ ಹಾಸಿಗೆಯ ಮೇಲೆ ಕೂತು ಮೊಬೈಲ್ ನೋಡುತ್ತಾರೆ. ಕ್ಲಿನಿಕ್ಕಿಗೂ ಜೊತೆಗೇ ಹೋಗುತ್ತಾರೆ. ಅಲ್ಲಿ ಉಜ್ವಲಾ ಎಂದು ಕರೆದಾಗ ಮೊದಮೊದಲು ಪ್ರಣಿತಾಳಿಗೆ ಎದ್ದು ನಿಲ್ಲಬೇಕೆಂದು ನೆನಪಾಗುತ್ತಿರಲಿಲ್ಲವಂತೆ, ಇವಳು ಚಿವುಟಿ ಎಬ್ಬಿಸುತ್ತಿದ್ದಳಂತೆ.

ನಿಮ್ಮೂರಿನ ಆಶಾ ಕಾರ್ಯಕರ್ತೆ ಆಧಾರ್ ಕಾರ್ಡಿನ ವಿಳಾಸ ಹಿಡಿದು ಎರಡು ಸಲ ನಿಮ್ಮ ಮನೆಗೆ ಬಂದು ರೋಗಿ ಎಲ್ಲಿ ಎಂದು ಕೇಳಿದಳೆಂದು ನಿನ್ನ ಯಜಮಾನರು ಹೇಳಿದರು. ಅದಕ್ಕೇ ಉಜ್ವಲಾಳನ್ನು ಅವರ ಜೊತೆ ಕಳಿಸುತ್ತಿದ್ದೇನೆ. ಪ್ರಣಿತಾ ನುಂಗಿದ ಗುಳಿಗೆಗಳ ಖಾಲಿ ಪಾಕೀಟುಗಳನ್ನು ವಾರ ವಾರ ಅವರ ಕೈಯಲ್ಲೇ ಕೊಡುತ್ತೇನೆ. ಆಶಾ ಬಂದಾಗ ತೋರಿಸಿದರೆ ಆಯಿತು, ಹೆಚ್ಚಿಗೆ ಏನೂ ಮಾತಾಡುವುದು ಬೇಡ. ಉಜ್ವಲಾಳಿಗೆ ಒಂದು ಇಳಕಲ್ ಸೀರೆ ಇಟ್ಟಿದ್ದೇನೆ, ಮದುವೆಗೆ ಉಡಲಿ.

ನಿನ್ನ ಉಪಕಾರ ಮರೆಯುವುದಿಲ್ಲ.

ಶಾರದಕ್ಕ


ತಡವಳ
೨೨ ಆಗಸ್ಟ್ ೨೦೨೪

ಅಕ್ಕಾ,

ಇಲ್ಲಿ ಏನು ನಡೆದಿದೆ ಎಂದು ನಿನಗೆ ತಿಳಿಯಬೇಕು.

ಆಶಾ ಕಾರ್ಯಕರ್ತೆ ಒಳ್ಳೆಯವಳು, ಅದೇ ಕಷ್ಟವಾಗಿದೆ. ವಾರ ತಪ್ಪದೆ ಬರುತ್ತಾಳೆ. ಉಜ್ವಲಾಳ ಕೈ ಹಿಡಿದುಕೊಂಡು ಕೇಳುತ್ತಾಳೆ, "ತಂಗಿ, ಗುಳಗಿ ನುಂಗಾಕತ್ತೀಯಿಲ್ಲ? ವಾಂತಿ ಬರ್ತೈತೇನು? ಬಿಡಬ್ಯಾಡ ಮತ್ತ." ನನ್ನ ಮಗಳು ತಲೆ ತಗ್ಗಿಸಿ, "ನುಂಗಾಕತ್ತೀನ್ರಿ ಅಕ್ಕಾ" ಅನ್ನುತ್ತಾಳೆ, ಖಾಲಿ ಪಾಕೀಟು ತೋರಿಸುತ್ತಾಳೆ. ಆಶಾ ಅವಳ ತಲೆ ಸವರಿ ಹೋಗುತ್ತಾಳೆ. ಅವಳು ಹೋದ ಮೇಲೆ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಊರಿಗೆ ಗೊತ್ತಾಗದೆ ಇರುತ್ತದೆಯೇ? ನಮ್ಮ ಮನೆಯವರೆಲ್ಲರ ಕಫ ತಪಾಸಣೆ ಆಯಿತು. ಪಕ್ಕದ ಮನೆಯ ಮಕ್ಕಳನ್ನೂ ನೋಡಿದರು. ನಿಮ್ಮ ಶೆಡ್ಡಿಗೆ ಮಾತ್ರ ಯಾರೂ ಹೋಗಲಿಲ್ಲ. ರೋಗ ತಡವಳದಲ್ಲಿದೆ ಎಂದು ಸರ್ಕಾರಕ್ಕೆ ನಾವೇ ಹೇಳಿದ್ದೇವಲ್ಲ.

ನನ್ನ ಕಡಕ್ ರೊಟ್ಟಿಯ ವ್ಯಾಪಾರ ನಿಂತಿದೆ. ಶ್ರಾವಣದಲ್ಲಿ ಅಕ್ಕಲಕೋಟಕ್ಕೆ ಎಷ್ಟು ಭಕ್ತರು ಬರುತ್ತಾರೆ ಎಂದು ನಿನಗೆ ಗೊತ್ತು. ಈ ದಿನಗಳಲ್ಲಿ ನನಗೆ ಒಲೆ ಆರಿಸಲು ಪುರುಸೊತ್ತು ಇರುತ್ತಿರಲಿಲ್ಲ. ಖಾನಾವಳಿಯ ಯುವರಾಜ ರೊಟ್ಟಿಯ ಬುಟ್ಟಿ ಹಾಗೆಯೇ ವಾಪಸು ಕೊಟ್ಟ. "ಮಾವಶಿ, ಸಿಟ್ಟಾಗಬ್ಯಾಡ್ರಿ. ಗಿರಾಕಿ ಕೇಳ್ತಾರ, ರೊಟ್ಟಿ ಯಾರ ಮನಿದು ಅಂತ. ಹುಡುಗಿ ಗುಣ ಆಗಲಿ, ಮತ್ತ ತರ್ರಿ" ಅಂದ. ನಾನು ರೊಟ್ಟಿ ಬಡಿಯಲು ಕರೆಯುತ್ತಿದ್ದ ಇಬ್ಬರು ಹೆಂಗಸರೂ ಬರುವುದನ್ನು ಬಿಟ್ಟಿದ್ದಾರೆ. ಕಾಲೇಜಿನಲ್ಲಿ ಉಜ್ವಲಾಳ ಬೆಂಚಿನ ಮೇಲೆ ಅವಳೊಬ್ಬಳೇ.

ನನ್ನ ಮನಸ್ಸು ಬಹಳ ನೊಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಇಲ್ಲದ ರೋಗಕ್ಕೆ ಇಷ್ಟು ಆಗಿದೆ. ಪ್ರಣಿತಾ ಈಗ ಚೆನ್ನಾಗಿದ್ದಾಳೆಂದರೆ ಡಾಕ್ಟರಿಗೆ ಹೇಳಿ ಹೆಸರು ಸರಿ ಮಾಡಿಸು. ಲಾತೂರಿನವರು ಮನುಷ್ಯರೇ ಅಲ್ಲವೇ? ಗುಣವಾಗುವ ರೋಗ ಎಂದು ತಿಳಿಸಿ ಹೇಳಿದರೆ ತಿಳಿದುಕೊಳ್ಳುತ್ತಾರೆ.

ನಿನ್ನ ತಂಗಿ,
ಗುರುಬಾಯಿ


ಸೊಲ್ಲಾಪುರ
೫ ಸೆಪ್ಟೆಂಬರ್ ೨೦೨೪

ಗುರವ್ವಾ,

ನಿನ್ನ ಕಾಗದ ಓದಿ ಎರಡು ದಿನ ಊಟ ರುಚಿಸಲಿಲ್ಲ. ಆದರೆ ಈಗ ಹೆಸರು ಬದಲಿಸುವುದು ಆಗದ ಮಾತು. ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ. ಲಾತೂರಿನವರು ತಿಳಿದುಕೊಳ್ಳುತ್ತಾರೆ ಎನ್ನುತ್ತಿ. ಹೋದ ವರ್ಷ ನಮ್ಮ ಪೇಟೆಯಲ್ಲೇ ಒಬ್ಬ ಹುಡುಗಿಯ ಸಂಬಂಧ ಬರೀ ಬಿಳಿ ಮಚ್ಚೆಗಾಗಿ ಮುರಿದು ಹೋಯಿತು. ವ್ಯಾಪಾರಸ್ಥರ ಮನೆಗಳ ಸಂಗತಿ ನಿನಗೆ ತಿಳಿಯದು.

ನಮ್ಮವರಿಗೆ ಹೆದರುತ್ತಲೇ ಹೇಳಿ ನೋಡಿದೆ. "ತಡವಳದಾಗ ಯಾರ ಹೆಸರ ಕೆಟ್ಟರ ಯಾರಿಗೇನಾಗತೈತಿ? ನಾಕ ದಿನ ಮಾತಾಡಿ ಮರೀತಾರ. ಮಾರ್ಕೆಟ್ಟಿನಾಗ ನನ್ನ ಹೆಸರ ಕೆಟ್ಟರ ಶೆಡ್ಡಿಗೆ ಕೀಲಿ ಬೀಳತೈತಿ, ನಿನ್ನ ತಂಗಿ ಗಂಡಂದೂ ಅದರಾಗ ಬಂತು" ಅಂದರು. ಅವರ ಮಾತಿನಲ್ಲಿ ತಪ್ಪು ಏನಿದೆ ಎಂದು ಹುಡುಕಿದೆ. ನನಗೆ ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಡವಾಗಿತ್ತು.

ಗಣಪತಿ ಹಬ್ಬದಿಂದ ನಿನ್ನ ಯಜಮಾನರು ಮುಕಾದಮರು. ರೇವಣ್ಣನನ್ನು ಕೆಲಸದಿಂದ ತೆಗೆದಿದ್ದಾರೆ, ನಿನ್ನ ಮನಸ್ಸಿಗೆ ಅದರಿಂದಲಾದರೂ ಸಮಾಧಾನವಾಗಲಿ. ಇನ್ನು ಮೂರೇ ತಿಂಗಳು ತಡಿ.

ಶಾರದಕ್ಕ


ತಡವಳ
೧೬ ಅಕ್ಟೋಬರ್ ೨೦೨೪

ಅಕ್ಕಾ,

ರೇವಣ್ಣನನ್ನು ತೆಗೆದರೆ ನನಗೆ ಸಮಾಧಾನವಾಗುತ್ತದೆ ಎಂದು ಬರೆದಿಯಲ್ಲ, ಅವನು ಕೆಮ್ಮಿಕೊಂಡು ಎಲ್ಲಿಗೆ ಹೋದ ಎಂದು ಯಾರಾದರೂ ಕೇಳಿದಿರಾ? ಇರಲಿ, ಈಗ ನನ್ನ ಮನೆಯ ಬೆಂಕಿಯ ಮಾತು.

ಉಜ್ವಲಾ ಕೆಮ್ಮುತ್ತಿದ್ದಾಳೆ. ನಾಟಕವಲ್ಲ, ನಿಜವಾದ ಕೆಮ್ಮು. ಮಹಾನವಮಿಯ ಹೊತ್ತಿಗೆ ಕಫದಲ್ಲಿ ರಕ್ತ ಬಂತು. ಜುಲೈಯಲ್ಲಿ ಎಲ್ಲರನ್ನೂ ತಪಾಸಣೆ ಮಾಡಿದಾಗ, ರೋಗಿ ಎಂದು ಮೊದಲೇ ಬರೆದಿದೆ ಎಂದು ಅವಳನ್ನೊಬ್ಬಳನ್ನೇ ಬಿಟ್ಟಿದ್ದರು. ಆಶಾ ತಾನೇ ಮುಂದಾಗಿ ಅಕ್ಕಲಕೋಟದ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಕಫದ ತುಂಬ ರೋಗ ಇದೆ. ಡಾಕ್ಟರು ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದರು. ನಾಲ್ಕು ತಿಂಗಳು ಗುಳಿಗೆ ನುಂಗಿಯೂ ಹೀಗಿದೆ ಎಂದರೆ ಈ ಗುಳಿಗೆ ಇವಳಿಗೆ ತಾಗುವುದಿಲ್ಲ, ಇದು ಹಟಮಾರಿ ಜಾತಿಯ ಟಿ.ಬಿ. ಇರಬೇಕು, ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ಅಂಥವರ ವಾರ್ಡಿಗೆ ಸೇರಿಸಬೇಕು ಅಂದರು. ಅಲ್ಲಿಯ ಔಷಧ ಬಹಳ ಕಡಕ್ಕಂತೆ. ಕಣ್ಣಿಗೆ, ನರಕ್ಕೆ ಪೆಟ್ಟು ಬೀಳುವುದೂ ಉಂಟಂತೆ.

ನಾನು ಅಲ್ಲೇ ಬಾಯಿ ಬಿಟ್ಟೆ, ಅಕ್ಕಾ. ನೀನು ಏನಾದರೂ ಅಂದುಕೋ. "ಸಾಹೇಬ್ರ, ಈಕಿ ಒಂದೂ ಗುಳಗಿ ನುಂಗಿಲ್ರಿ. ಅವು ನಮ್ಮ ಅಕ್ಕನ ಮಗಳು ನುಂಗಿದ್ದು" ಅಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಗುಳಗಿ ಬಿಟ್ಟವರೆಲ್ಲಾ ಒಂದೊಂದ ಕಥಿ ಹೇಳತಾರ ಬಾಯಿ. ಯಾರರೆ ಬಂಗಲೇದವರು ನಿಮ್ಮ ಮಗಳ ಹೆಸರಲೆ ಔಷಧ ತಗೋತಾರೇನು? ಆ ಹುಡುಗೀನ್ನ ಕರಕೊಂಡ ಬರ್ರಿ, ನೋಡೂನು" ಅಂದರು. ನಿಮ್ಮ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಅವರು, ನನ್ನ ಹತ್ತಿರ ಬಂದ ರೋಗಿಯ ಹೆಸರು ಉಜ್ವಲಾ, ಅಷ್ಟೇ ನನಗೆ ಗೊತ್ತು ಅಂದರು. ಪಕ್ಕದಲ್ಲಿ ನಿಂತಿದ್ದ ಆಶಾ ನನ್ನ ಕಡೆ ನೋಡಿದ ನೋಟ ನನ್ನ ಶತ್ರುವಿಗೂ ಬೇಡ.

ನವೆಂಬರ್ ಹದಿನಾಲ್ಕಕ್ಕೆ ಸೊಲ್ಲಾಪುರದಲ್ಲಿ ಹಾಸಿಗೆ ಖಾಲಿಯಾಗುತ್ತದಂತೆ. ಅಷ್ಟರೊಳಗೆ ಪ್ರಣಿತಾ ಬಂದು, ಆ ಗುಳಿಗೆ ನುಂಗಿದವಳು ನಾನು ಎಂದು ಹೇಳಿದರೆ ಮಾತ್ರ ನನ್ನ ಮಗಳಿಗೆ ಸಾದಾ ಗುಳಿಗೆ ಶುರು ಮಾಡುತ್ತಾರೆ. ಇಲ್ಲದಿದ್ದರೆ ಹಟಮಾರಿ ರೋಗದವರ ನಡುವೆ ಮಲಗಿಸುತ್ತಾರೆ. ಅಲ್ಲಿ ಅವಳಿಗೆ ಇಲ್ಲದ್ದೂ ಅಂಟುತ್ತದೆ.

ನಾನು ಹೆಸರು ಕೊಟ್ಟೆ. ಈಗ ಮಗಳನ್ನು ಉಳಿಸಿಕೊಡು.

ಗುರುಬಾಯಿ


ತಡವಳ
೪ ನವೆಂಬರ್ ೨೦೨೪

ಶಾರದಾಬಾಯಿ ಅವರಿಗೆ,

ನಿಮ್ಮ ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ದೀಪಾವಳಿಯ ಮುಂದೆ ನಿಮ್ಮ ಯಜಮಾನರು ಶಾಂತಲಿಂಗಪ್ಪ ಮಾವನವರು ನಮ್ಮ ಮನೆಯವರನ್ನು ಕರೆದು, ನಾಳೆಯಿಂದ ಬರಬೇಡ ಎಂದರು. ಅದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಇನ್ನು ನಿಮಗೆ ಹೆದರುವ ಕಾರಣ ನಮಗೆ ಉಳಿದಿಲ್ಲ. ಈ ಕಾಗದವನ್ನು ಅಂಚೆಯಲ್ಲಿ ಹಾಕುತ್ತಿದ್ದೇನೆ.

ನಿಮಗೆ ತಿಳಿಯದ ಒಂದು ಸಂಗತಿ ಹೇಳುತ್ತೇನೆ. ಉಜ್ವಲಾ ಇದನ್ನು ನಿನ್ನೆ ಬಾಯಿಬಿಟ್ಟಳು. ಯಾರಿಗೂ ಹೇಳುವುದಿಲ್ಲ ಎಂದು ಫೋನಿನಲ್ಲಿ ಪ್ರಣಿತಾಳಿಗೆ ಆಣೆ ಮಾಡಿದ್ದಳಂತೆ. ಪ್ರಣಿತಾ ಆಗಸ್ಟಿನಲ್ಲೇ ಗುಳಿಗೆ ನುಂಗುವುದನ್ನು ಬಿಟ್ಟಿದ್ದಾಳೆ. ಕೆಮ್ಮು ನಿಂತಿತು, ಗುಳಿಗೆಯಿಂದ ವಾಕರಿಕೆ ಬರುತ್ತಿತ್ತು, ಮುಖ ಕಪ್ಪಾಗುತ್ತಿದೆ ಎನ್ನಿಸಿತು, ಮದುವೆಯ ಫೋಟೋ ತೆಗೆಯುವವರು ಬರುವವರಿದ್ದರು. ಪಾಕೀಟು ಒಡೆದು ಗುಳಿಗೆಯನ್ನು ಬಚ್ಚಲಿಗೆ ಹಾಕಿ, ಖಾಲಿ ಪಾಕೀಟನ್ನು ನಿಮಗೆ ಕೊಡುತ್ತಿದ್ದಳು. ನೀವು ಅದನ್ನು ನಮಗೆ ಕಳಿಸುತ್ತಿದ್ದಿರಿ. ನನ್ನ ಮಗಳು ಅದನ್ನು ಆಶಾಳಿಗೆ ತೋರಿಸುತ್ತಿದ್ದಳು. ಈಗ ಪ್ರಣಿತಾಳಿಗೆ ಮತ್ತೆ ಸಂಜೆ ಜ್ವರ ಬರುತ್ತಿದೆಯಂತೆ. ಗುಳಿಗೆಯನ್ನು ನಡುವೆ ಬಿಟ್ಟವರಿಗೇ ರೋಗ ಹಟ ಹಿಡಿಯುತ್ತದೆ ಎಂದು ಆಶಾ ನನಗೆ ಬಿಡಿಸಿ ಹೇಳಿದಳು.

ಪ್ರತಿ ವಾರ ಒಬ್ಬ ಹೆಣ್ಣುಮಗಳು ಬಿಸಿಲಲ್ಲಿ ನಡೆದು ಬಂದು, "ಗುಳಗಿ ನುಂಗಿದೇನವಾ?" ಎಂದು ನನ್ನ ಮಗಳನ್ನು ಕೇಳಿದಳು. ನಿಮ್ಮ ಮಗಳನ್ನು ಯಾರೂ ಕೇಳಲಿಲ್ಲ. ಕೇಳುವವಳನ್ನು ನಮ್ಮ ಮನೆಗೆ ಕಳಿಸಿದವರು ನೀವು.

ಹದಿನಾಲ್ಕನೆಯ ತಾರೀಖು ಬೆಳಿಗ್ಗೆ ನಾವು ಸೊಲ್ಲಾಪುರದ ದವಾಖಾನೆಯಲ್ಲಿರುತ್ತೇವೆ. ಆ ವಾರ್ಡು ಈಗ ನನ್ನ ಮಗಳಿಗಿಂತ ನಿಮ್ಮ ಮಗಳಿಗೆ ಬೇಕಾಗಿದೆ. ಬರುವುದು ಬಿಡುವುದು ನಿಮಗೆ ಸೇರಿದ್ದು.

ಗುರುಬಾಯಿ ಸಾತಲಿಂಗಪ್ಪ


ಸೊಲ್ಲಾಪುರ
೧೬ ನವೆಂಬರ್ ೨೦೨೪

ಗುರವ್ವಾ,

ಮೊನ್ನೆ ಅರ್ಧ ದಿನ ನಾವಿಬ್ಬರೂ ದವಾಖಾನೆಯ ಒಂದೇ ಹಾಲ್‌ನಲ್ಲಿ ಇದ್ದೆವು. ನೀನು ನನ್ನ ಕಡೆ ನೋಡಲಿಲ್ಲ. ಮಾತಾಡಿಸುವ ಧೈರ್ಯ ನನಗೂ ಬರಲಿಲ್ಲ. ಆಗಬೇಕಾದ ಮಾತುಗಳೆಲ್ಲ ಸಾಯಂಕಾಲ ಡಾಕ್ಟರರ ಎದುರೇ ಆದವು, ಉಜ್ವಲಾಳಿಗೆ ಸಾದಾ ಗುಳಿಗೆ ಬರೆದರು, ಅದೆಲ್ಲ ನಿನಗೆ ಗೊತ್ತು. ನೀನು ಕಾಣದೇ ಇದ್ದದ್ದು ಒಂದಿದೆ. ಅದನ್ನು ಹೇಳಲು ಬರೆಯುತ್ತಿದ್ದೇನೆ.

ನಿನ್ನ ಅಕ್ಟೋಬರಿನ ಕಾಗದವನ್ನು ನಾನು ಓದಿದ್ದೆ. ಓದಿ ಸುಮ್ಮನೆ ಕೂತಿದ್ದೆ. ಮದುವೆ ಒಂದು ಆಗಿಬಿಡಲಿ, ಆಮೇಲೆ ಎಲ್ಲ ಸರಿ ಮಾಡೋಣ ಎಂದುಕೊಂಡೆ. ನಿನ್ನ ಮಗಳ ಜೀವ ಮತ್ತು ನನ್ನ ಮಗಳ ಮುಹೂರ್ತ ಎರಡನ್ನೂ ತೂಗಿ ನೋಡಿದೆ. ನಾನು ಯಾವುದನ್ನು ಆರಿಸಿದೆ ಎಂದು ನಿನಗೆ ಗೊತ್ತಿದೆ. ಎರಡನೆಯ ಕಾಗದ ಬಂದಾಗ ನಡುಗಿದ್ದೂ ನನ್ನ ಮಗಳಿಗಾಗಿಯೇ. ಇದನ್ನು ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ.

ಪ್ರಣಿತಾಳನ್ನು ಕೇಳಿದೆ. ಅವಳು ಅತ್ತು ಒಪ್ಪಿಕೊಂಡಳು. ಖಾಸಗಿಯಲ್ಲೇ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದು ಪುಣೆಗೆ ಫೋನ್ ಮಾಡಿಸಿದರು ನಮ್ಮವರು. ಈ ಹಟಮಾರಿ ರೋಗಕ್ಕೆ ಔಷಧ ಸರ್ಕಾರದ ಮೂಲಕವೇ ಬರಬೇಕು, ಎಲ್ಲಿ ಹೋದರೂ ಹೆಸರು ಬರೆಸಲೇಬೇಕು ಎಂದರಂತೆ ಅವರೂ. ಹದಿನಾಲ್ಕರ ಬೆಳಿಗ್ಗೆ ನಮ್ಮವರು, "ಗೇಟ್ ದಾಟಿದ್ರ ಲಾತೂರಿಗೆ ನೀನ ಉತ್ತರಾ ಕೊಡಬೇಕು" ಅಂದರು. ನಾನು ಆಟೋ ಕರೆಸಿದೆ.

ಹಾಲ್‌ನಲ್ಲಿ ಉಜ್ವಲಾ ಸೊರಗಿ ಕೂತಿದ್ದಳು. ಇಳಕಲ್ ಸೀರೆ ಕೊಟ್ಟ ದಿನ ಎಷ್ಟು ತುಂಬಿಕೊಂಡಿದ್ದ ಮುಖ. ಪ್ರಣಿತಾ ಓಡಿ ಹೋಗಿ ಅವಳ ಪಕ್ಕ ಬೆಂಚಿನ ಮೇಲೆ ಕೂತಳು. ನೀನು ಎಕ್ಸ್‌ರೇ ತರಲು ಕೆಳಗೆ ಇಳಿದು ಹೋದೆ. ಬೇಕೆಂದೇ ಹೋದೆ ಎಂದು ನನಗೆ ಅನ್ನಿಸಿತು. ಹುಡುಗಿಯರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಇಬ್ಬರ ಮುಖಕ್ಕೂ ಈಗ ಮಾಸ್ಕ್ ಇತ್ತು.

ಆಗ ಬಾಗಿಲಲ್ಲಿ ಸಿಸ್ಟರ್ ಬಂದು ನಿಂತು, "ಉಜ್ವಲಾ" ಎಂದು ಕೂಗಿದಳು.

ಇಬ್ಬರೂ ಎದ್ದು ನಿಂತರು.

ಸಿಸ್ಟರ್ ಇಬ್ಬರನ್ನೂ ನೋಡಿ, "ಇಬ್ಬರಾಗ ಉಜ್ವಲಾ ಯಾರವಾ?" ಎಂದು ಕೇಳಿದಳು. ಹಾಲ್‌ನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಪ್ರಣಿತಾ ಉಜ್ವಲಾಳ ಹೆಗಲ ಮೇಲೆ ಕೈಯಿಟ್ಟು ಅವಳನ್ನು ಮೆಲ್ಲಗೆ ಕೂರಿಸಿದಳು. "ಈಕಿ ಉಜ್ವಲಾ. ಆದರ ಒಳಗ ಬರಬೇಕಾದಾಕಿ ನಾನರಿ" ಅಂದಳು. ಆ ವಾರ್ಡಿನೊಳಗೆ ಅವಳೊಬ್ಬಳೇ ನಡೆದು ಹೋದಳು. ಅಲ್ಲಿ ಅವಳು ತನ್ನ ಹೆಸರು, ಅಪ್ಪನ ಹೆಸರು, ನಮ್ಮ ಬಂಗಲೆಯ ನಂಬರು ಒಂದೊಂದಾಗಿ ಹೇಳುತ್ತಿದ್ದದ್ದು ನನಗೆ ಹೊರಗೆ ಕೇಳಿಸುತ್ತಿತ್ತು.

ಶಾರದಾ